ಬೇಸರದ ಕೆಲಸವನ್ನು ಯಾರು ಮಾಡಬೇಕು?

(ಮುಂಬಯಿ ಉಪನಗರದ ಕನ್ನಡ ಸಂಘವೊಂದರಲ್ಲಿ ‘ಕೃತಕ ಬುದ್ಧಿಮತ್ತೆ ಮತ್ತು ಮನುಷ್ಯರ ಕೌಶಲ’ ಎಂಬ ವಿಷಯವಾಗಿ ಆಡಿದ ಮಾತುಗಳ ಬರಹ ರೂಪ. ಆಡುವಾಗಿನ ಧಾಟಿಯನ್ನು ಆದಷ್ಟು ಹಾಗೆಯೇ ಉಳಿಸಿಕೊಂಡಿದ್ದೇನೆ.)

ಅಧ್ಯಕ್ಷರೇ, ಪದಾಧಿಕಾರಿಗಳೇ, ಹಳಿ ದುರಸ್ತಿಗೆಂದು ಗಾಡಿ ನಿಲ್ಲಿಸುವ ಮೆಗಾಬ್ಲಾಕ್ ಇರುವ ಭಾನುವಾರವೂ ಲೋಕಲ್ ಹಿಡಿದು ಇಲ್ಲಿಯವರೆಗೆ ಬಂದಿರುವ ಹಿರಿಯರೇ, ಗೆಳೆಯರೇ,

ಕರೆಯೋಲೆಯಲ್ಲಿ ನನ್ನನ್ನು ತಂತ್ರಜ್ಞಾನದ ಚಿಂತಕ ಎಂದು ಕರೆದಿದ್ದೀರಿ. ಕಾರ್ಯದರ್ಶಿಗಳ ಪ್ರೀತಿ ದೊಡ್ಡದು. ನಾನು ಲೆಕ್ಕ ಪರಿಶೋಧಕ, ಸಿ.ಎ. ಫೋರ್ಟಿನಲ್ಲಿ ಸಣ್ಣದೊಂದು ಆಫೀಸು, ವರ್ಷವರ್ಷವೂ ಆರ್ಟಿಕಲ್‌ಶಿಪ್‌ಗೆ, ಅಂದರೆ ಕೆಲಸ ಮಾಡುತ್ತಲೇ ಸಿ.ಎ. ಕಲಿಯುವ ತರಬೇತಿಗೆ, ಬರುವ ಹುಡುಗ ಹುಡುಗಿಯರು, ಹೋಟೆಲಿನವರು ಮತ್ತು ಸಣ್ಣ ಕಂಪನಿಯವರೇ ಹೆಚ್ಚಾಗಿರುವ ಕ್ಲೈಂಟುಗಳು, ಇದು ನನ್ನ ಪ್ರಪಂಚ. ಆದ್ದರಿಂದ ಕೃತಕ ಬುದ್ಧಿಮತ್ತೆ, ಅಂದರೆ ಎಐ, ಜಗತ್ತನ್ನು ಏನು ಮಾಡುತ್ತದೆ ಎಂದು ಕೇಳಬೇಡಿ. ಕೆಲಸ ಕಲಿಯುವವರನ್ನು ಅದು ಏನು ಮಾಡುತ್ತಿದೆ ಎಂಬುದಷ್ಟೇ ನನ್ನ ಕಣ್ಣಳತೆಯಲ್ಲಿದೆ.

ಇಲ್ಲಿ ಮುಂದಿನ ಸಾಲಿನಲ್ಲಿ ಬ್ಯಾಂಕಿನಿಂದ ನಿವೃತ್ತರಾದವರು ಬಹಳ ಜನ ಕಾಣುತ್ತಿದ್ದೀರಿ. ಟ್ರಯಲ್ ಬ್ಯಾಲೆನ್ಸ್, ಅಂದರೆ ಎಲ್ಲ ಖಾತೆಗಳ ಎರಡು ಬದಿ ಸಮ ಇದೆಯೇ ಎಂದು ನೋಡುವ ಪಟ್ಟಿ, ತಾಳೆಯಾಗದೆ ರಾತ್ರಿ ಹತ್ತರವರೆಗೆ ಕೂತವರು ನೀವು. ಆಗ ಮೊದಲು ಏನು ಮಾಡುತ್ತಿದ್ದಿರಿ? ವ್ಯತ್ಯಾಸವನ್ನು 9ರಿಂದ ಭಾಗಿಸಿ ನೋಡುತ್ತಿದ್ದಿರಿ. ಶೇಷವಿಲ್ಲದೆ ಭಾಗವಾದರೆ ಯಾರೋ ಅಂಕಿಗಳನ್ನು ಹಿಂದುಮುಂದು ಮಾಡಿ ಬರೆದಿದ್ದಾರೆ ಎಂಬ ಗುಮಾನಿ. 63ರ ಜಾಗದಲ್ಲಿ 36 ಬಿದ್ದರೆ ವ್ಯತ್ಯಾಸ 27. 540ರ ಜಾಗದಲ್ಲಿ 450 ಬಿದ್ದರೆ 90. ಅದಲ್ಲದಿದ್ದರೆ ವ್ಯತ್ಯಾಸದ ಅರ್ಧದಷ್ಟು ಮೊತ್ತ ಎಲ್ಲಾದರೂ ಇದೆಯೇ ಎಂದು ಹುಡುಕುವುದು. ಜಮಾ ಬದಿಗೆ ಹೋಗಬೇಕಾದ್ದು ಖರ್ಚಿನ ಬದಿಗೆ ಹೋಗಿದ್ದರೆ ತಪ್ಪು ಇಮ್ಮಡಿಯಾಗಿ ಕಾಣಿಸುತ್ತದಲ್ಲ, ಅದಕ್ಕೆ.

ನನ್ನ ಆಫೀಸಿನ ಈಗಿನ ಹುಡುಗರಿಗೆ ಈ ಉಪಾಯ ಗೊತ್ತಿಲ್ಲ. ಅವರಿಗೆ ಅದು ಬೇಕಾಗಿಯೂ ಇಲ್ಲ. 1986ರಲ್ಲಿ ಗೋಯೆಂಕಾ ತಂದೆ ಮಗ ಶುರು ಮಾಡಿದ ಕಂಪನಿಯಿಂದ ಬಂದ ಟ್ಯಾಲಿ ಎಂಬ ಲೆಕ್ಕದ ಸಾಫ್ಟ್‌ವೇರ್, ಕೂಡುವ ಕಳೆಯುವ ಶ್ರಮವನ್ನೇ ನಮ್ಮ ದೇಶದ ಲೆಕ್ಕದ ಮನೆಗಳಿಂದ ಹೊರಗೆ ಹಾಕಿತು. ಅದರಲ್ಲಿ ಎರಡು ಬದಿ ಸಮ ಆಗದಿದ್ದರೆ ನಮೂದೇ ಒಳಗೆ ಹೋಗುವುದಿಲ್ಲ. ಆರಂಭದ ಶಿಲ್ಕಿನಲ್ಲಿ ಹೆಚ್ಚುಕಡಿಮೆಯಾದರೆ ಮಾತ್ರ ಅದು ಕೆಳಗೊಂದು ಸಾಲು ಬರೆದು ಸುಮ್ಮನಾಗುತ್ತದೆ. ಇದಕ್ಕಾಗಿ ನಾನು ಒಂದು ಹನಿ ಕಣ್ಣೀರೂ ಹಾಕಿದವನಲ್ಲ. ರಾತ್ರಿ ಹತ್ತರವರೆಗೆ ಕೂತವರ ಮನೆಯವರೂ ಹಾಕಿರಲಾರರು.

ಹಾಗಾದರೆ ಈಗ ಮಾತ್ರ ಯಾಕೆ ಗಲಾಟೆ? ಕ್ಯಾಲ್ಕುಲೇಟರ್ ಬಂದಾಗಲೂ ಮಗ್ಗಿ ಮರೆಯುತ್ತದೆ ಅಂದರು, ಬ್ಯಾಂಕಿಗೆ ಕಂಪ್ಯೂಟರ್ ಬರುವಾಗ ಯೂನಿಯನ್‌ನವರು ಬಾವುಟ ಹಿಡಿದರು, ಕೊನೆಗೆ ಏನಾಯಿತು ಎಂದು ನೀವು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಇಷ್ಟು ದಿನ ಯೋಚಿಸಿ ನನಗೆ ಹೊಳೆದ ಉತ್ತರ ಹೀಗಿದೆ. ಕ್ಯಾಲ್ಕುಲೇಟರ್ ತಪ್ಪುವುದಿಲ್ಲ. ಅದು ಕೊಟ್ಟ ಉತ್ತರವನ್ನು ಯಾರೂ ಮತ್ತೆ ಕೂಡಿಸಿ ನೋಡಬೇಕಾಗಿಲ್ಲ, ಹಾಗಾಗಿ ಕೂಡುವ ಕೌಶಲವನ್ನು ಅದರ ಕೈಗೆ ಕೊಟ್ಟು ನಿಶ್ಚಿಂತರಾಗಬಹುದು. 2022ರ ನವೆಂಬರ್ ಕೊನೆಯಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ನಮ್ಮ ಮೇಜಿಗೆ ಬಂದಿರುವ ಯಂತ್ರಗಳ ಜಾತಿ ಬೇರೆ. ಅವು ಬಹಳ ಸಲ ಸರಿ ಹೇಳುತ್ತವೆ, ಕೆಲವು ಸಲ ತಪ್ಪು ಹೇಳುತ್ತವೆ, ಎರಡನ್ನೂ ಒಂದೇ ದನಿಯಲ್ಲಿ ಹೇಳುತ್ತವೆ. ಆದ್ದರಿಂದ ಪಕ್ಕದಲ್ಲಿ ವಿಷಯ ಬಲ್ಲ ಒಬ್ಬ ಮನುಷ್ಯ ಕೂತಿರಲೇಬೇಕು. ಆ ಮನುಷ್ಯ ಎಲ್ಲಿಂದ ಬರುತ್ತಾನೆ? ಯಂತ್ರ ಈಗ ಮಾಡುತ್ತಿರುವ ಕೆಲಸವನ್ನೇ ಹಿಂದೆ ತನ್ನ ಕೈಯಾರೆ ಮಾಡಿ, ತಪ್ಪಿ, ಬೈಸಿಕೊಂಡು ಬಂದವನು ಅವನು. ನನ್ನ ತಲೆನೋವು ಇರುವುದು ಇಲ್ಲಿ.

ತಪ್ಪು ಎಂದರೆ ಎಂಥದು ಎಂಬುದಕ್ಕೆ ನಮ್ಮ ಊರಿನದೇ ಉದಾಹರಣೆ ಇದೆ. 2025ರ ಅಕ್ಟೋಬರ್‌ನಲ್ಲಿ ಬಾಂಬೆ ಹೈಕೋರ್ಟ್ ಆದಾಯ ತೆರಿಗೆ ಇಲಾಖೆಯ, ತೆರಿಗೆ ಎಷ್ಟೆಂದು ನಿಗದಿ ಮಾಡುವ ಒಂದು ಅಸೆಸ್‌ಮೆಂಟ್ ಆದೇಶವನ್ನು ರದ್ದು ಮಾಡಿತು. ಆ ಆದೇಶದಲ್ಲಿ ಆಧಾರವಾಗಿ ಕೊಟ್ಟಿದ್ದ ತೀರ್ಪುಗಳು ಯಾವ ನ್ಯಾಯಾಲಯದ ದಾಖಲೆಯಲ್ಲೂ ಇರಲಿಲ್ಲ. ಎಐ ಕೊಟ್ಟದ್ದನ್ನು ಪರಿಶೀಲಿಸದೆ ಬಳಸಬಾರದು ಎಂದು ನ್ಯಾಯಾಲಯ ಎಚ್ಚರಿಸಬೇಕಾಯಿತು. ನ್ಯೂಯಾರ್ಕಿನಲ್ಲಿ 2023ರಲ್ಲೇ ಇಂಥದ್ದು ನಡೆದಿತ್ತು. ಚಾಟ್‌ಜಿಪಿಟಿ ಹುಟ್ಟಿಸಿದ ಮೊಕದ್ದಮೆಗಳನ್ನು ಕೋರ್ಟಿನ ಮುಂದಿಟ್ಟ ವಕೀಲರಿಗೆ 5,000 ಡಾಲರ್ ದಂಡ ಬಿತ್ತು. ಇವೆಲ್ಲ ಸಿಕ್ಕಿಬಿದ್ದ ತಪ್ಪುಗಳು. ಹಿಡಿದವರು ಯಾರು? ಎದುರು ಪಕ್ಷದಲ್ಲಿ ಕೂತು ತೀರ್ಪನ್ನು ಪುಟ ತೆರೆದು ಹುಡುಕುವ ಅಭ್ಯಾಸ ಇಟ್ಟುಕೊಂಡ ಯಾರೋ ಒಬ್ಬರು.

ಈ ಇಕ್ಕಟ್ಟು ಹೊಸದೇನಲ್ಲ. 1983ರಲ್ಲಿ, ಅಂದರೆ ನಾವಿನ್ನೂ ಕಾರ್ಬನ್ ಹಾಳೆ ಇಟ್ಟು ಬರೆಯುತ್ತಿದ್ದ ಕಾಲದಲ್ಲಿ, ಲಿಸಾನ್ ಬೇನ್‌ಬ್ರಿಡ್ಜ್ ಎಂಬ ಬ್ರಿಟಿಷ್ ಮನೋವಿಜ್ಞಾನಿ ಕೆಲವೇ ಪುಟಗಳ ಒಂದು ಲೇಖನ ಬರೆದರು. ಕಾರ್ಖಾನೆಗಳ ನಿಯಂತ್ರಣ ಕೊಠಡಿಗಳು ಅವರ ವಿಷಯ. ಸುಲಭದ ಕೆಲಸವನ್ನೆಲ್ಲ ಯಂತ್ರಕ್ಕೆ ಕೊಟ್ಟು, ಯಂತ್ರ ಕೈಚೆಲ್ಲಿದ ಗಳಿಗೆಯಲ್ಲಿ ಮಾತ್ರ ಮನುಷ್ಯನನ್ನು ಕರೆದರೆ, ಅತಿ ಕಷ್ಟದ ಕೆಲಸ ಅಭ್ಯಾಸವೇ ತಪ್ಪಿಹೋದವನ ಪಾಲಿಗೆ ಬರುತ್ತದೆ ಎಂದು ಅವರು ತೋರಿಸಿದರು. ಅದರಲ್ಲಿ ಇನ್ನೂ ಒಂದು ಮಾತಿದೆ, ನನಗೆ ಹೆಚ್ಚು ನಾಟಿದ್ದು ಅದು. ಈಗ ಯಂತ್ರಗಳ ಮೇಲೆ ಕಣ್ಣಿಟ್ಟಿರುವವರು ಹಿಂದೆ ಕೈಯಲ್ಲೇ ಆ ಕೆಲಸ ಮಾಡುತ್ತಿದ್ದವರು, ಇವತ್ತಿನ ವ್ಯವಸ್ಥೆ ನಡೆಯುತ್ತಿರುವುದು ಅವರ ಹಳೆಯ ಕೌಶಲದ ಬಲದಿಂದ, ಮುಂದಿನ ತಲೆಮಾರಿನವರಲ್ಲಿ ಅದು ಇರುತ್ತದೆ ಎಂದು ನಂಬಿ ಕೂರುವಂತಿಲ್ಲ ಎಂಬ ಅರ್ಥದ ಮಾತು. ನಲವತ್ತು ವರ್ಷದ ಹಿಂದೆ ಹೇಳಿದ್ದು, ನನ್ನ ಆಫೀಸನ್ನು ನೋಡಿಯೇ ಬರೆದಂತಿದೆ.

ವಿಮಾನಗಳಲ್ಲಿ ಇದು ರಕ್ತದಲ್ಲಿ ಬರೆದ ಪಾಠವಾಯಿತು. 2009ರ ಜೂನ್ 1ರಂದು ರಿಯೋ ಡಿ ಜನೈರೋದಿಂದ ಪ್ಯಾರಿಸ್ಸಿಗೆ ಹೊರಟಿದ್ದ ಏರ್ ಫ್ರಾನ್ಸ್ 447 ಅಟ್ಲಾಂಟಿಕ್ ಸಮುದ್ರಕ್ಕೆ ಬಿತ್ತು. 228 ಜನ ಸತ್ತರು. ವೇಗ ಅಳೆಯುವ ಕೊಳವೆಗಳಲ್ಲಿ ಮಂಜುಗಡ್ಡೆ ಕಟ್ಟಿಕೊಂಡು ಅಳತೆ ತಪ್ಪಿತು, ಆಟೋಪೈಲಟ್ ತಾನಾಗಿ ಕಳಚಿಕೊಂಡಿತು. ವಿಮಾನಕ್ಕೆ ಏನೂ ಆಗಿರಲಿಲ್ಲ. ಮೂತಿಯನ್ನು ಮಟ್ಟಸವಾಗಿಟ್ಟು ಸ್ವಲ್ಪ ಹೊತ್ತು ಕಾದಿದ್ದರೆ ಕೊಳವೆ ತೆರೆದುಕೊಳ್ಳುತ್ತಿತ್ತು. ಹಾರಿಸುತ್ತಿದ್ದ ಕಿರಿಯ ಪೈಲಟ್ ಮೂತಿ ಎತ್ತಿದ, ವಿಮಾನ ತೇಲುವ ಶಕ್ತಿ ಕಳೆದುಕೊಂಡಿತು, ಎಚ್ಚರಿಕೆಯ ದನಿ ಮತ್ತೆ ಮತ್ತೆ ಕೂಗುತ್ತಿದ್ದರೂ ಏನಾಗುತ್ತಿದೆ ಎಂಬುದು ಆ ಕೋಣೆಯಲ್ಲಿದ್ದವರಿಗೆ ತಿಳಿಯಲಿಲ್ಲ. ಆಟೋಪೈಲಟ್ ಕಳಚಿ ನಾಲ್ಕೂವರೆ ನಿಮಿಷದೊಳಗೆ ಎಲ್ಲ ಮುಗಿಯಿತು. ಅಷ್ಟೆತ್ತರದಲ್ಲಿ ಕೈಯಲ್ಲಿ ವಿಮಾನ ಹಾರಿಸುವ ತರಬೇತಿ ಅವರಿಗೆ ಸಿಕ್ಕಿರಲಿಲ್ಲ ಎಂಬುದು ತನಿಖಾ ವರದಿಯಲ್ಲಿದೆ. 2013ರ ಜನವರಿಯಲ್ಲಿ ಅಮೆರಿಕದ ವಿಮಾನಯಾನ ಪ್ರಾಧಿಕಾರ, ಅನುಕೂಲವಿದ್ದಾಗ ಪೈಲಟ್‌ಗಳಿಗೆ ಕೈಯಲ್ಲೇ ಹಾರಿಸಲು ಬಿಡಿ ಎಂದು ವಿಮಾನ ಕಂಪನಿಗಳಿಗೆ ಸೂಚನೆ ಕೊಟ್ಟಿತು.

ವೈದ್ಯರ ವಿಷಯಕ್ಕೆ ಬಂದರೆ, 2025ರ ಆಗಸ್ಟ್‌ನಲ್ಲಿ ಲ್ಯಾನ್ಸೆಟ್ ಬಳಗದ ಪತ್ರಿಕೆಯೊಂದರಲ್ಲಿ ಪೋಲೆಂಡಿನ ಅಧ್ಯಯನ ಬಂತು. ದೊಡ್ಡ ಕರುಳಿನೊಳಗೆ ಕ್ಯಾಮೆರಾ ಬಿಟ್ಟು, ಮುಂದೆ ಕ್ಯಾನ್ಸರ್ ಆಗಬಹುದಾದ ಗಂಟುಗಳನ್ನು ಹುಡುಕುವ ಕೊಲೊನೊಸ್ಕೋಪಿ ಪರೀಕ್ಷೆ ಗೊತ್ತಲ್ಲ, ಅದರದ್ದು. ನಾಲ್ಕು ಕೇಂದ್ರಗಳಲ್ಲಿ ಗಂಟು ಗುರುತಿಸಿ ತೋರಿಸುವ ಎಐ ತಂದರು. ಎಐ ಬರುವ ಮೊದಲು, ಅದಿಲ್ಲದೆ ಮಾಡಿದ ಪರೀಕ್ಷೆಗಳಲ್ಲಿ ಶೇ. 28.4ರಷ್ಟರಲ್ಲಿ ಗಂಟು ಸಿಗುತ್ತಿತ್ತು. ಎಐ ರೂಢಿಯಾದ ಮೇಲೆ, ಮತ್ತೆ ಅದಿಲ್ಲದೆ ಮಾಡಿದಾಗ ಶೇ. 22.4. ಅವರೇನು ಎಳೆಯ ಡಾಕ್ಟರುಗಳಲ್ಲ, ಒಬ್ಬೊಬ್ಬರೂ ಇಂಥ 2,000ಕ್ಕೂ ಹೆಚ್ಚು ಪರೀಕ್ಷೆ ಮಾಡಿದ್ದವರು. ಇದೊಂದೇ ಅಧ್ಯಯನ, ಎರಡು ಅವಧಿಯ ರೋಗಿಗಳು ಬೇರೆ ಬೇರೆ, ಇಳಿಕೆಗೆ ಬೇರೆ ಕಾರಣವೂ ಇರಬಹುದು. ಲೆಕ್ಕದವನಾಗಿ ಅಷ್ಟು ಷರಾ ಬರೆಯದೆ ಮುಂದೆ ಹೋಗಲಾರೆ. ಆದರೂ ಕೆಲವೇ ತಿಂಗಳಲ್ಲಿ ಇಷ್ಟು ಇಳಿಕೆ ಎಂದರೆ ಯೋಚಿಸುವ ವಿಷಯ.

ಇವೆಲ್ಲ ಕೌಶಲ ಇದ್ದವರ ಕಥೆ. ಕೌಶಲ ಇನ್ನೂ ಬರಬೇಕಾದವರ ಕಥೆ ಇದಕ್ಕಿಂತ ಗಂಭೀರ, ಮತ್ತು ಅದನ್ನು ಮುಂಬಯಿ ಕನ್ನಡಿಗರಿಗೆ ವಿವರಿಸುವುದು ಸುಲಭ. ನಮ್ಮ ಉಡುಪಿ ಹೋಟೆಲುಗಳು ಹೇಗೆ ಬೆಳೆದವು ಎಂಬುದು ಈ ಸಭೆಯ ಅರ್ಧದಷ್ಟು ಮನೆಗಳ ಚರಿತ್ರೆ. ಊರಿನಿಂದ ಬಂದ ಹುಡುಗ ಮೊದಲು ಲೋಟ ತಟ್ಟೆ ತೊಳೆದ. ಆಮೇಲೆ ಮೇಜು ಒರೆಸಿದ. ಆಮೇಲೆ ಸಪ್ಲಾಯರ್ ಆದ, ಕೆಲವರು ಅಡುಗೆಮನೆಗೆ ಹೋಗಿ ಭಟ್ಟರ ಕೈಕೆಳಗೆ ನಿಂತರು. ರಾತ್ರಿ ಫೋರ್ಟ್ ಪರಿಸರದ ಕನ್ನಡ ರಾತ್ರಿ ಶಾಲೆಯಲ್ಲಿ ಮೆಟ್ರಿಕ್ಕಿಗೆ ಓದಿದ. ಒಂದು ದಿನ ಧಣಿ ಊರಿಗೆ ಹೋದಾಗ ಗಲ್ಲಾಪೆಟ್ಟಿಗೆಯ ಮುಂದೆ ಕೂತ. ಹತ್ತಿಪ್ಪತ್ತು ವರ್ಷದಲ್ಲಿ ಪಾಲುದಾರಿಕೆಯಲ್ಲಿ ತನ್ನದೇ ಹೋಟೆಲು ಹಾಕಿದ. ತಟ್ಟೆ ತೊಳೆಯುವಾಗ ಅವನು ಕಲಿಯುತ್ತಿದ್ದುದು ತೊಳೆಯುವುದನ್ನಲ್ಲ. ಯಾವ ತಟ್ಟೆಯಲ್ಲಿ ಪಲ್ಯ ಉಳಿದು ಬರುತ್ತಿದೆ, ಯಾವ ಹೊತ್ತಿಗೆ ಜನ ನುಗ್ಗುತ್ತಾರೆ, ಚಟ್ನಿ ಎಷ್ಟು ಹಾಳಾಗುತ್ತಿದೆ ಎಂಬುದೆಲ್ಲ ಆ ಮೋರಿಯ ಬಳಿಯಿಂದಲೇ ಅವನಿಗೆ ಕಾಣುತ್ತಿತ್ತು. ಇದನ್ನು ಹೊಗಳಿ ಹಾಡುವುದಕ್ಕಾಗಿ ನಾನು ಹೇಳುತ್ತಿಲ್ಲ. ಆ ಹುಡುಗರ ಬಾಲ್ಯವನ್ನು ನಾವು ಕದ್ದಿದ್ದೇವೆ, ಕೈ ಕಾಲು ಹುಣ್ಣಾಗಿ ಅತ್ತವರಿದ್ದಾರೆ. ಆದರೆ ಕೆಳಗಿನ ಮೆಟ್ಟಿಲಿತ್ತು, ಹತ್ತಲು ದಾರಿಯಿತ್ತು.

ನಮ್ಮ ಸಿ.ಎ. ಕಸುಬಿನಲ್ಲಿ ಆ ಮೆಟ್ಟಿಲಿನ ಹೆಸರು ವೌಚಿಂಗ್. ಆರ್ಟಿಕಲ್ ಹುಡುಗನ ಕೈಗೆ ವೋಚರುಗಳ, ಅಂದರೆ ಖರ್ಚಿಗೆ ಪುರಾವೆಯಾದ ಚೀಟಿಗಳ, ಒಂದು ಕಟ್ಟು ಕೊಟ್ಟು, ಒಂದೊಂದನ್ನೂ ಪುಸ್ತಕದ ನಮೂದಿನ ಜೊತೆ ಹೊಂದಿಸಿ ಹಸಿರು ಶಾಯಿಯಲ್ಲಿ ಟಿಕ್ ಹಾಕು ಎನ್ನುತ್ತಿದ್ದೆವು. ಇದಕ್ಕಿಂತ ಬೇಸರದ ಕೆಲಸ ಭೂಮಿಯ ಮೇಲೆ ಕಡಿಮೆ. 2017ರ ಜುಲೈಯಲ್ಲಿ ಜಿಎಸ್‌ಟಿ ಬಂದ ಮೇಲೆ ಇನ್ನೊಂದು ಬೇಸರ ಸೇರಿಕೊಂಡಿತು: ಖರೀದಿ ಪುಸ್ತಕವನ್ನು, ಮಾರಿದವರು ಪೋರ್ಟಲ್‌ನಲ್ಲಿ ತೋರಿಸಿದ ಬಿಲ್ಲುಗಳ ಪಟ್ಟಿಯ ಜೊತೆ ಸಾಲು ಸಾಲಾಗಿ ಹೋಲಿಸುವುದು. ಈಗ ಎರಡನ್ನೂ ಸಾಫ್ಟ್‌ವೇರ್ ಮಾಡುತ್ತದೆ. ಬಿಲ್ಲಿನ ಫೋಟೊ ಹಾಕಿದರೆ ಓದಿಕೊಂಡು, ಯಾವ ಖಾತೆಗೆ ಹೋಗಬೇಕು ಎಂದು ತಾನೇ ಹೇಳುತ್ತದೆ. ಬಹುಪಾಲು ಸರಿಯಾಗಿಯೇ ಹೇಳುತ್ತದೆ.

ಹಾಗಾದರೆ ಆ ಹುಡುಗ ಕಳೆದುಕೊಂಡದ್ದೇನು? ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ‘ಅನುಭವ’ ಎಂದು ಒಂದೇ ಉಸಿರಿಗೆ ಹೇಳಿ ಮುಗಿಸಿದರೆ ಯಾರಿಗೂ ಏನೂ ತಿಳಿಯುವುದಿಲ್ಲ.

ಒಂದು ಕ್ಯಾಂಟೀನಿನ ತರಕಾರಿ ಬಿಲ್ಲುಗಳ ಕಟ್ಟು ಎಂದುಕೊಳ್ಳಿ. ವಾಶಿ ಮಾರ್ಕೆಟ್ಟಿನ ಒಂದು ಅಂಗಡಿಯ ಹೆಸರು. ಏಪ್ರಿಲ್‌ನಲ್ಲಿ ಬಿಲ್ ನಂಬರ್ 211, ಮೇ ತಿಂಗಳಲ್ಲಿ 212, ಜೂನ್‌ನಲ್ಲಿ 213. ಮೊತ್ತ ಸರಿ, ತಾರೀಕು ಸರಿ, ಪುಸ್ತಕಕ್ಕೂ ಬಿಲ್ಲಿಗೂ ತಾಳೆ. ಆದರೆ ವಾಶಿಯ ಆ ಗದ್ದಲದಲ್ಲಿ ಮೂರು ತಿಂಗಳಲ್ಲಿ ಒಬ್ಬನೇ ಗಿರಾಕಿಗೆ ಬಿಲ್ ಮಾಡುವ ಅಂಗಡಿ ಯಾವುದು? ಬಿಲ್ ಪುಸ್ತಕ ಕ್ಯಾಂಟೀನಿನವನ ಡ್ರಾಯರಿನಲ್ಲೇ ಇರಬೇಕು. ಅಥವಾ ಮೂರು ಬೇರೆ ಅಂಗಡಿಗಳ ರಸೀದಿಯಲ್ಲಿ ಒಂದೇ ಕೈಬರಹ, ಒಂದೇ ಪೆನ್ನು. ಅಥವಾ ಎರಡು ವರ್ಷ ಹಳೆಯದು ಎನ್ನುವ ಕಾಗದ ಇನ್ನೂ ಗರಿಗರಿಯಾಗಿರುವುದು. ಬಿಲ್ ನಂಬರಿನ ಸರಣಿ ಹುಡುಕು ಎಂದು ಹೇಳಿಕೊಟ್ಟರೆ ಯಂತ್ರವೂ ಹುಡುಕುತ್ತದೆ, ನಮಗಿಂತ ಚೆನ್ನಾಗಿ ಹುಡುಕುತ್ತದೆ. ಹೇಳಿಕೊಡುವುದಕ್ಕೆ ಅದು ಮೊದಲು ಯಾರಿಗಾದರೂ ಹೊಳೆದಿರಬೇಕಲ್ಲ. ಹೊಳೆಯುವುದು ನೂರಾರು ನೇರವಾದ ಬಿಲ್ಲು ನೋಡಿ ಕಣ್ಣು ಬೇಸತ್ತಿರುವಾಗ. ನೇರವಾದದ್ದು ಹೇಗಿರುತ್ತದೆ ಎಂದು ಕಣ್ಣಿಗೆ ರೂಢಿಯಾದ ಮೇಲೆಯೇ ಡೊಂಕು ಕಾಣುವುದು.

ಇನ್ನೊಂದು ಹಳೆಯ ಪಾಠ: ಒಂದು ದಿನವೂ ರಜೆ ಹಾಕದ ಕ್ಯಾಶಿಯರ್ ಬಗ್ಗೆ ಹುಷಾರಾಗಿರು. ಇವತ್ತು ಬಂದ ಹಣವನ್ನು ಜೇಬಿಗೆ ಹಾಕಿಕೊಂಡು, ನಾಳೆ ಬಂದವನ ಹಣವನ್ನು ಇವತ್ತಿನವನ ಖಾತೆಗೆ ಬರೆಯುವ ಮೋಸಕ್ಕೆ ದಿನಾ ಹಾಜರಿರಬೇಕಾಗುತ್ತದೆ. ಅವನು ಎರಡು ವಾರ ಊರಿಗೆ ಹೋದರೆ ಬಣ್ಣ ಬಯಲು. ರಿಸರ್ವ್ ಬ್ಯಾಂಕು ಆಯಕಟ್ಟಿನ ಜಾಗದಲ್ಲಿರುವ ಬ್ಯಾಂಕ್ ಸಿಬ್ಬಂದಿಗೆ ಮುನ್ಸೂಚನೆ ಇಲ್ಲದೆ, ಕನಿಷ್ಠ 10 ಕೆಲಸದ ದಿನ ಕಡ್ಡಾಯ ರಜೆ ಕೊಡಿಸಬೇಕು ಎಂದು ನಿಯಮ ಮಾಡಿರುವುದು ಇದಕ್ಕೇ. ಈ ಪಾಠ ಪುಸ್ತಕದಲ್ಲೂ ಇದೆ, ಯಂತ್ರವನ್ನು ಕೇಳಿದರೆ ಸೊಗಸಾಗಿ ಹೇಳುತ್ತದೆ. ಆದರೆ ಕ್ಲೈಂಟಿನ ಆಫೀಸಿನಲ್ಲಿ ಊಟದ ಹೊತ್ತಿಗೆ ‘ನಮ್ಮ ಕ್ಯಾಶಿಯರಣ್ಣ ಮಗಳ ಮದುವೆಗೂ ಎರಡೇ ದಿನ ರಜೆ ತಗೊಂಡದ್ದು’ ಎಂದು ಯಾರೋ ಹೆಮ್ಮೆಯಿಂದ ಹೇಳುವಾಗ ಅಲ್ಲಿ ಕೂತಿರುವವನು ಆರ್ಟಿಕಲ್ ಹುಡುಗ. ಅವನ ಕಿವಿ ನೆಟ್ಟಗಾಗಬೇಕು. ವೋಚರುಗಳನ್ನು ಸ್ಕ್ಯಾನ್ ಮಾಡಿ ಕಳಿಸಿಬಿಟ್ಟರೆ ಅವನು ಆ ಊಟಕ್ಕೆ ಹೋಗುವುದೇ ಇಲ್ಲ.

ದೊಡ್ಡ ಮೋಸಗಳಿಗೂ ಇದೇ ಮಾತು. 2009ರ ಜನವರಿ 7ರಂದು ಸತ್ಯಂ ಕಂಪ್ಯೂಟರ್ಸ್‌ನ ರಾಮಲಿಂಗ ರಾಜು ತಪ್ಪೊಪ್ಪಿಗೆಯ ಪತ್ರ ಬರೆದಾಗ, ಲೆಕ್ಕದಲ್ಲಿ ತೋರಿಸಿದ್ದ 5,361 ಕೋಟಿ ರೂಪಾಯಿ ನಗದು ಮತ್ತು ಬ್ಯಾಂಕ್ ಶಿಲ್ಕಿನಲ್ಲಿ 5,040 ಕೋಟಿ ಇರಲೇ ಇಲ್ಲ ಎಂದು ಗೊತ್ತಾಯಿತು. ಕೂಡುವುದರಲ್ಲಿ ಅಲ್ಲಿ ಯಾರೂ ತಪ್ಪಿರಲಿಲ್ಲ, ಲೆಕ್ಕ ತಾಳೆಯಾಗಿತ್ತು. ಬ್ಯಾಂಕಿಗೆ ನೇರವಾಗಿ ಕಾಗದ ಬರೆದು ‘ಈ ದುಡ್ಡು ನಿಮ್ಮಲ್ಲಿ ಇದೆಯೇ’ ಎಂದು ಕೇಳಿ, ಉತ್ತರ ನಮ್ಮ ಕೈಗೇ ಬರುವಂತೆ ನೋಡಿಕೊಳ್ಳುವುದು ಆರ್ಟಿಕಲ್‌ಗೆ ಸೇರಿದ ಮೊದಲ ವರ್ಷ ಕಲಿಸುವ ಕೆಲಸ. ಬೇಸರದ ಕೆಲಸವೂ ಹೌದು.

ಯಂತ್ರದ ಕಡೆಯ ವಾದವನ್ನೂ ಹೇಳದಿದ್ದರೆ ಆಡಿಟ್ ವರದಿ ಅಪೂರ್ಣ. ನಾವು ನೂರರಲ್ಲಿ ಹತ್ತು ವೋಚರು ಆರಿಸಿ ನೋಡುತ್ತಿದ್ದೆವು, ಅದು ನೂರನ್ನೂ ನೋಡುತ್ತದೆ. ಸಹಜವಾದ ಲೆಕ್ಕಗಳಲ್ಲಿ ಮೊತ್ತದ ಮೊದಲ ಅಂಕಿ 1 ಆಗಿರುವುದು ಸುಮಾರು ಶೇ. 30, 9 ಆಗಿರುವುದು ಶೇ. 5ಕ್ಕಿಂತ ಕಡಿಮೆ ಎಂಬ ಬೆನ್‌ಫರ್ಡ್ ನಿಯಮವಿದೆ. ಮನಸ್ಸಿಗೆ ಬಂದ ಅಂಕಿ ಬರೆದವರು ಅಲ್ಲಿ ಸಿಕ್ಕಿಬೀಳುತ್ತಾರೆ. ಲಕ್ಷ ನಮೂದುಗಳ ಮೇಲೆ ಅದನ್ನು ಹಾಯಿಸಲು ಈಗ ಚಹಾ ಕುಡಿಯುವಷ್ಟು ಹೊತ್ತು ಸಾಕು. (ಈ ನಿಯಮ ಮೊದಲು ಕಣ್ಣಿಗೆ ಬಿದ್ದದ್ದು ಹೇಗೆ ಗೊತ್ತೇ? 1881ರಲ್ಲಿ ಸೈಮನ್ ನ್ಯೂಕಾಂಬ್ ಎಂಬ ಖಗೋಳ ವಿಜ್ಞಾನಿ, ಲೆಕ್ಕಕ್ಕೆ ಬಳಸುವ ಲಾಗರಿದಂ ಪುಸ್ತಕದಲ್ಲಿ 1ರಿಂದ ಶುರುವಾಗುವ ಸಂಖ್ಯೆಗಳಿರುವ ಮೊದಲ ಪುಟಗಳೇ ಹೆಚ್ಚು ಕೊಳೆಯಾಗಿರುವುದನ್ನು ನೋಡಿದ. ಕೈಯಲ್ಲಿ ಪುಟ ತಿರುವುತ್ತಿದ್ದವನಿಗೆ ಕಂಡದ್ದು ಅದು. ಇರಲಿ.)

ನನ್ನ ವಾದಕ್ಕೆ ಎದುರಾಗಿ ನಿಲ್ಲುವ ಅಧ್ಯಯನವೂ ಇದೆ. ಅರ್ಥಶಾಸ್ತ್ರಜ್ಞ ಎರಿಕ್ ಬ್ರಿನ್ಯೋಲ್ಫ್‌ಸನ್ ಮತ್ತು ಸಂಗಡಿಗರು ಒಂದು ಕಂಪನಿಯ ಸುಮಾರು 5,000 ಗ್ರಾಹಕ ಸೇವೆಯ ನೌಕರರನ್ನು ಗಮನಿಸಿದರು. ಎಐ ಸಲಹೆ ಸಿಕ್ಕವರ ಕೆಲಸ ಸರಾಸರಿ ಶೇ. 14-15 ಚುರುಕಾಯಿತು, ಹೊಸಬರದು ಮೂರನೇ ಒಂದು ಪಾಲಿನಷ್ಟು ಹೆಚ್ಚಿತು, ಹಳಬರಿಗೆ ಹೇಳಿಕೊಳ್ಳುವಂಥ ಲಾಭವಿಲ್ಲ. ನಡುವೆ ಯಂತ್ರ ಕೆಟ್ಟು ನಿಂತಾಗಲೂ ಹೊಸಬರು ಪೂರ್ತಿ ಹಿಂದಕ್ಕೆ ಜಾರಲಿಲ್ಲ, ಅಂದರೆ ಏನನ್ನೋ ಕಲಿತಿದ್ದರು. ಹಳಬರ ಒಳ್ಳೆಯ ಮಾತುಗಳನ್ನೇ ಯಂತ್ರ ಹೊಸಬರಿಗೆ ದಾಟಿಸುತ್ತಿತ್ತು. ಇದನ್ನು ಓದಿದಾಗ ನನಗೆ ಖುಷಿಯೇ ಆಯಿತು.

ಆದರೆ ಟರ್ಕಿಯ ಹೈಸ್ಕೂಲುಗಳ ಅಧ್ಯಯನ ಬೇರೆ ಮಾತು ಹೇಳುತ್ತದೆ. ಸುಮಾರು 1,000 ಮಕ್ಕಳು, ಗಣಿತದ ಅಭ್ಯಾಸ. ಚಾಟ್‌ಜಿಪಿಟಿ ಥರದ್ದನ್ನು ಹಾಗೇ ಕೈಗೆ ಕೊಟ್ಟವರು ಅಭ್ಯಾಸದ ಲೆಕ್ಕಗಳಲ್ಲಿ ಶೇ. 48 ಮುಂದೆ ಹೋದರು. ಅದನ್ನು ಕಿತ್ತುಕೊಂಡು ಪರೀಕ್ಷೆ ಕೊಟ್ಟಾಗ, ಅದನ್ನು ಕಂಡೇ ಇರದ ಮಕ್ಕಳಿಗಿಂತ ಶೇ. 17 ಹಿಂದೆ ಬಿದ್ದರು. ಇನ್ನೊಂದು ಗುಂಪಿಗೆ ಉತ್ತರ ಹೇಳದೆ ಸುಳಿವು ಮಾತ್ರ ಕೊಡುವಂತೆ, ಮೇಷ್ಟ್ರುಗಳು ಕೂತು ತಿದ್ದಿದ ಎಐ ಕೊಟ್ಟಿದ್ದರು. ಆ ಮಕ್ಕಳು ಅಭ್ಯಾಸದಲ್ಲಿ ಇನ್ನೂ ಮುಂದೆ ಹೋದರು, ಪರೀಕ್ಷೆಯಲ್ಲಿ ಹಿಂದೆ ಬೀಳಲಿಲ್ಲ. ಒಂದೇ ಯಂತ್ರ, ಕೈಗಿಟ್ಟ ಬಗೆ ಬೇರೆ.

ಮಕ್ಕಳನ್ನು ಬಿಟ್ಟು ಕೆಲಸಕ್ಕೆ ಬನ್ನಿ. 2025ರ ಆಗಸ್ಟ್‌ನಲ್ಲಿ ಸ್ಟ್ಯಾನ್‌ಫರ್ಡಿನಿಂದ ಅದೇ ಬ್ರಿನ್ಯೋಲ್ಫ್‌ಸನ್ ತಂಡ ಅಮೆರಿಕದ ಸಂಬಳದ ದಾಖಲೆಗಳನ್ನು ಜಾಲಾಡಿ ಒಂದು ಪ್ರಬಂಧ ಹೊರತಂದಿತು. ಎಐ ಹೆಚ್ಚು ನುಗ್ಗಬಲ್ಲ ಉದ್ಯೋಗಗಳಲ್ಲಿ 22ರಿಂದ 25 ವಯಸ್ಸಿನ ನೌಕರರ ಸಂಖ್ಯೆ, ಉಳಿದವರಿಗೆ ಹೋಲಿಸಿದರೆ ಶೇ. 13ರಷ್ಟು ಕುಸಿದಿದೆ, ಅದೇ ಉದ್ಯೋಗಗಳಲ್ಲಿ ಹಿರಿಯರಿಗೆ ಹೆಚ್ಚಿನ ಪೆಟ್ಟು ಬಿದ್ದಿಲ್ಲ ಎನ್ನುತ್ತದೆ ಅದು. ಹಿರಿಯರನ್ನು ಇಟ್ಟುಕೊಂಡು ಕಿರಿಯರನ್ನು ತೆಗೆದುಕೊಳ್ಳದಿದ್ದರೆ ಈ ವರ್ಷದ ಲೆಕ್ಕ ಚೆಂದವೇ ಕಾಣುತ್ತದೆ. ಇನ್ನು ಹದಿನೈದು ವರ್ಷಕ್ಕೆ ಹಿರಿಯರು ಎಲ್ಲಿಂದ ಬರುತ್ತಾರೆ ಎಂಬುದಕ್ಕೆ ಬ್ಯಾಲೆನ್ಸ್ ಶೀಟಿನಲ್ಲಿ ಕಾಲಂ ಇಲ್ಲ. ಪುಣೆಯ ಹಿಂಜವಡಿಯಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ನಮ್ಮವರ ಮಕ್ಕಳನ್ನು ಕೇಳಿ ನೋಡಿ. ಮೊದಲು ಹೊಸಬರಿಗೆ ಕೊಡುತ್ತಿದ್ದ ಟೆಸ್ಟಿಂಗ್, ಸಣ್ಣಪುಟ್ಟ ತಪ್ಪು ತಿದ್ದುವುದು, ಇದೆಲ್ಲ ಈಗ ಎಐಗೆ ಹೋಗುತ್ತಿದೆ ಎನ್ನುತ್ತಾರೆ. ನಮ್ಮಲ್ಲಿ ಇನ್ನೊಂದು ಪೆಟ್ಟೂ ಸೇರಿದೆ: 2023ರ ಜುಲೈಯಿಂದ ಬಂದ ಹೊಸ ಯೋಜನೆಯಲ್ಲಿ ಸಿ.ಎ. ಆರ್ಟಿಕಲ್‌ಶಿಪ್ ಮೂರು ವರ್ಷದಿಂದ ಎರಡಕ್ಕೆ ಇಳಿಯಿತು. ಅದಕ್ಕೂ ಎಐಗೂ ಸಂಬಂಧವಿಲ್ಲ, ಆದರೆ ಕೈ ಪಳಗುವ ಅವಧಿ ಎರಡೂ ಕಡೆಯಿಂದ ಸವೆಯುತ್ತಿದೆ.

ನಮ್ಮ ಆಫೀಸಿನಲ್ಲಿ ನಾವು ಮಾಡಿಕೊಂಡಿರುವ ಏರ್ಪಾಡು ಸರಳ. ಹೊಸದಾಗಿ ಸೇರಿದವರಿಗೆ ಮೊದಲ ಆಡಿಟ್ ಸೀಸನ್ ಮುಗಿಯುವವರೆಗೆ ಎಐ ಇಲ್ಲ. ಕಾಗದ, ವೋಚರು, ಹಸಿರು ಪೆನ್ನು. ಒಂದಾದರೂ ಸ್ಟಾಕ್ ಎಣಿಕೆಗೆ ಭಿವಂಡಿಯ ಗೋಡೌನಿಗೆ ಹೋಗಿ ಧೂಳು ಕುಡಿಯಬೇಕು. ಆಮೇಲೆ ಯಂತ್ರ ಕೊಡುತ್ತೇವೆ, ಆದರೆ ಕ್ರಮ ಒಂದಿದೆ: ಮೊದಲು ನಿನ್ನ ಅನುಮಾನಗಳನ್ನು ಒಂದು ಹಾಳೆಯಲ್ಲಿ ಬರೆ, ಆಮೇಲೆ ಅದನ್ನು ಕೇಳು, ಎರಡನ್ನೂ ನನ್ನ ಮೇಜಿಗೆ ತಾ. ಅದಕ್ಕೆ ಕಂಡು ನಿನಗೆ ಕಾಣದ್ದು ಯಾವುದು, ನಿನಗೆ ಕಂಡು ಅದಕ್ಕೆ ಕಾಣದ್ದು ಯಾವುದು ಎಂದು ಕೂತು ಮಾತಾಡುತ್ತೇವೆ. ಹುಡುಗರು ಗೊಣಗುತ್ತಾರೆ. ಪಕ್ಕದ ಆಫೀಸಿನಲ್ಲಿ ಸೇರಿದ ಗೆಳೆಯರು ಐದೂವರೆಗೆ ಚರ್ಚ್‌ಗೇಟಿನ ಗಾಡಿ ಹಿಡಿಯುತ್ತಾರಂತೆ. ಗೊಣಗಲಿ. ಆದರೆ ಎರಡು ಹಾಳೆ ಪಕ್ಕಪಕ್ಕ ಇಟ್ಟು ನೋಡುವ ಹೊತ್ತಿನಲ್ಲಿ ಅವರ ಮುಖ ಬೇರೆಯೇ ಇರುತ್ತದೆ. ಯಂತ್ರವನ್ನು ಸೋಲಿಸಿದ ದಿನ ಚಹಾ ತರಿಸುವುದು ನನ್ನ ಖರ್ಚು.

ಉಪನ್ಯಾಸದ ನಂತರ ಕೆಲವರು ಪ್ರಶ್ನೆ ಕೇಳಿದರು. ಉತ್ತರಗಳನ್ನು ಸಂಕ್ಷೇಪಿಸಿ ಕೊಡುತ್ತಿದ್ದೇನೆ.

ತಾಯಿಯೊಬ್ಬರು, ಮಗಳು ಹನ್ನೆರಡನೆಯ ತರಗತಿಯಲ್ಲಿದ್ದಾಳೆ, ಸಿ.ಎ.ಗೆ ಕಳಿಸಬಹುದೇ ಎಂದು ಕೇಳಿದರು. ಧಾರಾಳವಾಗಿ ಕಳಿಸಿ ಅಮ್ಮ. ಆಫೀಸು ಆರಿಸುವಾಗ ಸ್ಟೈಪೆಂಡ್ ಎಷ್ಟು ಎಂದು ಕೇಳುವ ಜೊತೆಗೆ, ಮೊದಲ ಆರು ತಿಂಗಳು ಏನು ಕೆಲಸ ಕೊಡುತ್ತೀರಿ, ಯಾರು ತಿದ್ದುತ್ತಾರೆ ಎಂದೂ ಕೇಳಲಿ. ಉತ್ತರ ತಡವರಿಸಿದರೆ ಬೇರೆ ಬಾಗಿಲು ನೋಡಲಿ.

ಕಾಲೇಜಿನ ಹುಡುಗನೊಬ್ಬ ಕೇಳಿದ, ‘ಸರ್, ಎಐ ಇಷ್ಟರಲ್ಲೇ ತಪ್ಪು ಮಾಡುವುದನ್ನು ನಿಲ್ಲಿಸಿದರೆ?’ ಒಳ್ಳೆಯ ಪ್ರಶ್ನೆ. ಆಗ ಅದು ಕ್ಯಾಲ್ಕುಲೇಟರಿನ ಸಾಲಿಗೆ ಸೇರುತ್ತದೆ, ನನ್ನ ಈ ಮಾತಿನ ಅರ್ಧಭಾಗ ರದ್ದಿಗೆ ಹೋಗುತ್ತದೆ, ನನಗೇನೂ ಬೇಸರವಿಲ್ಲ. ಅಲ್ಲಿಯವರೆಗೆ ವರದಿಯ ಕೆಳಗೆ ಸಹಿ ನನ್ನದು, ತಪ್ಪಿದರೆ ನಮ್ಮ ಸಿ.ಎ. ಸಂಸ್ಥೆ ನೋಟಿಸು ಕೊಡುವುದು ನನಗೆ.

ಮೂರನೆಯ ಪ್ರಶ್ನೆ ಬ್ಯಾಂಕಿನ ಹಿರಿಯರೊಬ್ಬರದು, ಮತ್ತು ಅದು ಎಲ್ಲಕ್ಕಿಂತ ಗಟ್ಟಿಯಾದದ್ದು. ‘ನೀವು ಹುಡುಗರಿಗೆ ಕೈಯಲ್ಲಿ ಕೆಲಸ ಮಾಡಿಸುತ್ತೀರಿ, ಸರಿ ಮಾರಾಯರೇ. ಅದರ ಖರ್ಚು ಯಾರದು?’ ಅವರು ಹೇಳಿದ್ದು ನಿಜ. ಇಷ್ಟು ಕಾಲ ಆ ಖರ್ಚನ್ನು ಕ್ಲೈಂಟು ಗೊತ್ತಿಲ್ಲದೆ ಹೊರುತ್ತಿದ್ದ. ನಮ್ಮ ಫೀಯಲ್ಲಿ ಹುಡುಗರ ಗಂಟೆಗಳು ಸೇರಿರುತ್ತಿದ್ದವು, ಅವರು ಕಲಿಯುತ್ತಲೇ ಅವನ ಕೆಲಸ ಮಾಡುತ್ತಿದ್ದರು. ಈಗ ಅವನು ಕೇಳುತ್ತಾನೆ, ‘ಸಾಫ್ಟ್‌ವೇರ್ ಹತ್ತು ನಿಮಿಷದಲ್ಲಿ ಮಾಡುವುದಕ್ಕೆ ನಾನು ಹತ್ತು ದಿನದ ಹಣ ಯಾಕೆ ಕೊಡಬೇಕು?’ ಅವನ ಪ್ರಶ್ನೆಯಲ್ಲಿ ತಪ್ಪಿಲ್ಲ. ದೊಡ್ಡ ಆಫೀಸುಗಳು ತರಬೇತಿಗೆಂದೇ ಬೇರೆ ಹಣ ತೆಗೆದಿಡಬಹುದು. ನಮ್ಮಂಥ ಸಣ್ಣವರಿಗೆ ಅದು ಕಷ್ಟ, ಮತ್ತು ಈ ಊರಿನಲ್ಲಿ ಸಾಧಾರಣ ಮನೆಯ ಮಕ್ಕಳು ಹೆಚ್ಚಾಗಿ ಕೆಲಸ ಕಲಿಯುವುದು ಸಣ್ಣ ಆಫೀಸುಗಳಲ್ಲೇ. ಈ ವರ್ಷ ಆ ಗಂಟೆಗಳನ್ನು ನನ್ನ ಜೇಬಿನಿಂದ ಹೊತ್ತಿದ್ದೇನೆ, ಅದು ಬಹಳ ವರ್ಷ ನಡೆಯುವ ವ್ಯವಸ್ಥೆಯಲ್ಲ. ಮುಂದಿನ ವರ್ಷದಿಂದ ಬಿಲ್ಲಿನಲ್ಲಿ ‘ಕಲಿಯುವವರ ಕೆಲಸ’ ಎಂದು ಬೇರೆ ಸಾಲು ಬರೆದು, ಅರ್ಧ ನಮ್ಮದು, ಅರ್ಧ ನಿಮ್ಮದು ಎಂದು ಕೇಳುವುದಾಗಿ ಕ್ಲೈಂಟುಗಳಿಗೆ ತಿಳಿಸಿದ್ದೇನೆ. ಸದ್ಯಕ್ಕೆ ಹೂಂ ಎಂದವರು ಹೋಟೆಲಿನವರು ಮಾತ್ರ. ಕಂಪನಿಗಳವರು ಯೋಚಿಸಿ ಹೇಳುತ್ತೇವೆ ಎಂದಿದ್ದಾರೆ.